ಇಳಿತದ ಲೆಕ್ಕ

ನಿನ್ನೆ ಆರೂವರೆಗೆ ಇಳಿದ ಹೊಳೆ
ಇವತ್ತು ಏಳಾದರೂ ಸೊಂಟದ ಮಟ್ಟ.
ಶಾಲೆಯ ಗಂಟೆಗೆ ಹುಣ್ಣಿಮೆಯಿಲ್ಲ, ಅಮಾವಾಸ್ಯೆಯಿಲ್ಲ,
ಹತ್ತಕ್ಕೆಂದರೆ ಹತ್ತಕ್ಕೇ.

ಅದಕ್ಕೇ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಹಿಡಿದು ಬರೆಯುತ್ತೇನೆ,
ಹಾಲಿನ ಲೆಕ್ಕದ ಕೆಳಗೆ, ಗ್ಯಾಸ್ ಬಂದ ತಾರೀಖಿನ ಪಕ್ಕ:
ಸೋಮವಾರ ಬುಟ್ಟಿ ಮೊದಲು, ಜಡೆ ಆಮೇಲೆ.
ಗುರುವಾರದ ಜಡೆ ಬುಧವಾರ ರಾತ್ರಿಯೇ.

ಹೆಣೆದ ಜಡೆಯಲ್ಲೇ ಮಲಗುತ್ತಾಳೆ ತೃಪ್ತಿ,
ಕೆದರಬಾರದೆಂದು ಮಗ್ಗುಲೂ ಬದಲಿಸದೆ.
ಚಿಕ್ಕವನ ಒಂದು ಚಪ್ಪಲಿ ಮಾತ್ರ
ನನ್ನ ಯಾವ ಪಟ್ಟಿಗೂ ಸಿಕ್ಕುವುದಿಲ್ಲ.

ಮಂಕಾಳಿ ನಗುತ್ತಾಳೆ,
"ನೀರಿಗೂ ಟೈಂಟೇಬಲ್ ಬರೆದ್ಯೇನೇ?"
ನೀರಿಗಲ್ಲ ಮಾರಾಯ್ತಿ, ನನಗೆ.

ಕೆಸರಲ್ಲಿ ಬಗ್ಗಿ, ಕಾಲ್ಬೆರಳಿಂದ ಬಳಚು ತಡವುತ್ತ
ಮನೆಯನ್ನೊಮ್ಮೆ ಸುತ್ತಿ ಬರುತ್ತೇನೆ.
ಗಂಜಿ ಇಳಿಸಿದೆ. ನೀರಿನ ಬಾಟಲಿ ತುಂಬಿದೆ.
ಬೀಗದ ಕೈ ಹಂಚಿನ ಸಂದಿಯಲ್ಲಿದೆ.
ಒಲೆ?
ಒಲೆ ಆರಿಸಿದೆನೋ ಇಲ್ಲವೋ,
ಅಷ್ಟರಲ್ಲಿ ಕೈಗೆ ಸಿಕ್ಕ ಚಿಪ್ಪು ಖಾಲಿ.

ಒಂಬತ್ತೂಕಾಲರ ದೋಣಿ ತದಡಿಗೆ ಹೊರಟು
ನನ್ನ ಪಕ್ಕದಲ್ಲೇ ಹಾಯುತ್ತದೆ.
ತೃಪ್ತಿ ಕೂಗುತ್ತಾಳೆ,
"ಆಯೀ, ಒಲೆ ಆರ್ಸಿದ್ದೆ!"
ತಮ್ಮನ ಎರಡೂ ಕಾಲೆತ್ತಿ ತೋರಿಸುತ್ತಾಳೆ.
ಎರಡರಲ್ಲೂ ಚಪ್ಪಲಿ.
ಒಂದು ನೀಲಿ, ಒಂದು ಕೆಂಪು.