ಕಡ ತಂದ ಬೋಗುಣಿ

ಆದವಾನಿಯ ನಮ್ಮ ಓಣಿಗೆ
ನಳ ಬರುವುದು ನಾಲ್ಕು ದಿನಕ್ಕೊಮ್ಮೆ, ಅದೂ ಹೇಳದೆ.
ಅವತ್ತು ಜಿನ್ನಿನ ಹಮಾಲರಿಗೆ ಚಹಾ ಕಾಸಲು
ಪಕ್ಕದ ಮನೆಯ ಬೋಗುಣಿ ಕಡ ತಂದು
ನೀರಿಟ್ಟಿದ್ದೆ. ನಳ ಬಂತು ಅಂತ ಯಾರೋ ಕೂಗಿದರು.
ಕೊಡ, ಬಕೆಟ್ಟು, ಎಣ್ಣೆ ಡಬ್ಬಿ,
ಕೈಗೆ ಸಿಕ್ಕಿದ್ದೆಲ್ಲ ಹೊತ್ತು ಓಡಿದೆ.
ಸಾಲಿನಲ್ಲೊಂದು ಜಗಳ, ಆ ಜಗಳದೊಳಗೊಂದು ಹಳೇ ಜಗಳ.
ಹನ್ನೊಂದು ಕೊಡ ತುಂಬಿಕೊಂಡು ಬರುವಷ್ಟರಲ್ಲಿ
ಒಲೆಯ ಮೇಲಿನ ನೀರು ಹೋಗಿಯೇಬಿಟ್ಟಿತ್ತು.
ಕಾಸಲು ಏನೂ ಉಳಿಯದೆ
ಬೆಂಕಿ ಪಾತ್ರೆಯನ್ನೇ ಕಾಸುತ್ತ ಕೂತಿತ್ತು.

ಕರಕಲಲ್ಲ. ಕರಕಲಿಗಾದರೆ ಬೂದಿಯಿದೆ, ನಾರಿದೆ.
ಇದು ಬೇರೆ.
ಅಂಚಿನತ್ತ ಒಣ ಜೋಳದ ದಂಟಿನ ಹಳದಿ,
ಒಳಬಂದಂತೆ ಹಳೇ ತಾಮ್ರ,
ಆಮೇಲೆ ಪಾರಿವಾಳದ ಕೊರಳು,
ನಟ್ಟನಡುವೆ ಒಂದು ನೀಲಿ.
ಹತ್ತಿ ಲಾರಿ ನಿಂತು ಹೋದಮೇಲೆ
ಡೀಸೆಲ್ಲು ಬಿದ್ದ ಕೆಸರಿನಲ್ಲಷ್ಟೇ ಕಂಡಿದ್ದೆ ಅಂಥದ್ದನ್ನು.

ನನ್ನದಾಗಿದ್ದರೆ ನೋಡುತ್ತ ಕೂತಿರುತ್ತಿದ್ದೆ.
ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು: ಉರುಕುಂದಮ್ಮ.
ಅಂಗಡಿಯವನ ಕೈ ತೆಲುಗಿನದು,
ತಲೆಕಟ್ಟು ಬಂದಲ್ಲೆಲ್ಲ
ಮಾಸ್ತರರು ಸರಿ ಹಾಕಿದಂಥ ಗೀಟು.
ಅಷ್ಟೊಂದು ಸರಿಗಳ ಕೆಳಗೆ ನನ್ನ ತಪ್ಪು.

ಹುಣಸೆಹಣ್ಣು ಹಚ್ಚಿದೆ, ಉಪ್ಪು ಹಚ್ಚಿದೆ,
ಲಿಂಬೆ ಹಿಂಡಿ ಸಿಪ್ಪೆಯಿಂದಲೇ ತಿಕ್ಕಿದೆ.
ಹಳದಿ ಹೋಯಿತು. ತಾಮ್ರ ಹೋಗುತ್ತೇನೆ ಅಂದಿತು.
ನೀಲಿ ಕೂತಲ್ಲೇ ಕೂತಿತು.

ಐಟಿಐನಲ್ಲಿ ವೆಲ್ಡಿಂಗ್ ಕಲಿಯುವ ಮಗ
ಹೊರಳಿಸಿ ನೋಡಿದ.
“ಬಣ್ಣ ಅಲ್ಲವ್ವಾ ಇದು. ಸ್ಟೀಲಿಗೆ ಒಂದು ತೊಗಲು ಇರತೈತಿ,
ಕಣ್ಣಿಗೆ ಕಾಣದಷ್ಟು ತೆಳ್ಳಗ.
ಕಾದರ ದಪ್ಪ ಆಗತೈತಿ,
ಬೆಳಕು ಅದರಾಗ ಸಿಕ್ಕೊಂಡು ಹಿಂಗ ಕಾಣತೈತಿ.
ನಮ್ಮ ಬೆಸುಗಿ ಮಗ್ಗಲಿಗೂ ಬರತೈತಿ,
ಸರ್ ಮಾರ್ಕು ಕಡಿಮಿ ಕೊಡತಾರ.”
ಅಷ್ಟು ಹೇಳಿ ಚಹಾ ಕೇಳಿದ.

ಬರಿಗೈಲಿ ಪಾತ್ರೆ ಇಳಿಸುವ ನನ್ನ ಬೆರಳು ನೋಡಿಕೊಂಡೆ.
ಕಾದು ಕಾದು ತೊಗಲು ದಪ್ಪವಾಗುವುದು ಗೊತ್ತಿತ್ತು.
ಬಣ್ಣ ಬರುವುದು ಗೊತ್ತಿರಲಿಲ್ಲ.

ವಾರದ ದುಡ್ಡು ಕೂಡಿಸಿ ಹೊಸದೊಂದು ತಂದೆ.
ಅದೇ ಅಂಗಡಿ, ಅದೇ ಟರ್ರೆನ್ನುವ ಸೂಜಿ.
ಹೆಸರು ನಿನ್ನದಾ ಅಂದ. ಅಲ್ಲ, ಅಕಿದು ಅಂದೆ.
ಉರುಕುಂದಮ್ಮ ಬೇಡ ಬೇಡ ಎನ್ನುತ್ತಲೇ ಇಸಕೊಂಡಳು,
ಇನ್ನೂ ಒಲೆಗೆ ಇಟ್ಟಿಲ್ಲ.
ಮೇಲಿನ ಹಲಗೆಯಲ್ಲಿ ಹೊಳೆಯುತ್ತದೆ,
ಒಳಗೆ ಕರೆಂಟ್ ಬಿಲ್ಲು, ಎರಡು ಗುಂಡಿ.

ನೀಲಿ ತಳದ್ದು ನನ್ನಲ್ಲೇ ಉಳಿಯಿತು,
ದಿನಾ ಮೂರು ಸಲ ಕಾಯುತ್ತದೆ.
ಸಂಜೆ ಅವಳು ಬಂದು ಕಟ್ಟೆಯ ಮೇಲೆ ಕೂತು
ಲೋಟ ಊದುತ್ತ ಕೇಳುತ್ತಾಳೆ:
“ಯಾವುದರಾಗ ಕಾಸಿದಿ?”

“ನಿನ್ನೊಳಗ.”