ಎರಡು ತಾಸು ನಲವತ್ತು ನಿಮಿಷ

ಕೊಳಾರದ ಮೂರನೇ ಶೆಡ್ಡಿನಲ್ಲಿ ರಾತ್ರಿ ಪಾಳಿ.
ಹೊರಗೆ ಬೀದರಿನ ಡಿಸೆಂಬರ್ ಚಳಿ.
ಗಾಜು ಬಳಿದ ರಿಯಾಕ್ಟರಿನ ಹೊಟ್ಟೆಯೊಳಗೆ
ಇಂದು ಮೊದಲ ಸಲ ಒಂದು ಕಣ್ಣು ಇಳಿದಿದೆ:
ಮೊಳದುದ್ದ ಉಕ್ಕು, ತುದಿಗೆ ಸಾಸಿವೆಯಷ್ಟು ವಜ್ರ.
ಹದಿನೈದು ಸೆಕೆಂಡಿಗೊಮ್ಮೆ ನೋಡುತ್ತದೆ,
ನೋಡಿದ್ದನ್ನು ಬಚ್ಚಿಡುವುದಿಲ್ಲ.

ನಾವು ನೋಡುತ್ತಿದ್ದುದು ಐದನೇ ತಾಸಿಗೊಮ್ಮೆ, ಆರಕ್ಕೊಮ್ಮೆ.
ಮಾಸ್ಕು ಬಿಗಿದು, ಕವಾಟ ತಿರುವಿ,
ಸೀಸೆಯಲ್ಲಿ ಗುಟುಕು ಹಿಡಿದು,
ಬಿಳಿ ಪಟ್ಟಿಯ ಮೇಲೆ ಚುಕ್ಕಿಯಿಟ್ಟು,
ಚುಕ್ಕಿ ಹತ್ತುವ ತನಕ ಕಾದು, ನೇರಳೆ ದೀಪ ಹಿಡಿದು
"ಆಯಿತು" ಎನ್ನುತ್ತಿದ್ದೆವು.
ಯಾವಾಗ ಆಯಿತು ಎಂದು ಯಾರೂ ಕೇಳಿರಲಿಲ್ಲ.

ಪರದೆಯ ಮೇಲೆ ಎರಡು ಗೆರೆ.
ಒಂದು ಇಳಿಯಿತು, ಒಂದು ಏರಿತು,
ಪಾಪನಾಶದ ಮೆಟ್ಟಿಲಲ್ಲಿ ಎದುರಾದವರು
ಭುಜ ತಾಗಿಸದೆ ಸರಿದುಹೋದ ಹಾಗೆ.
ಎರಡು ತಾಸು ನಲವತ್ತು ನಿಮಿಷಕ್ಕೆ
ಎರಡೂ ಚಪ್ಪಟೆ. ಮುಗಿಯಿತು.

ನಾನು ನಂಬಲಿಲ್ಲ. ಹಾಳೆಯಲ್ಲಿ ಆರು ತಾಸು ಎಂದಿದೆ.
ಆರು ಎಲ್ಲಿಂದ ಬಂತೋ, ಬಹುಶಃ
ಪಾಳಿಗೆ ಸರಿಹೊಂದಿತ್ತು, ಅಷ್ಟೇ.
ಕಲಕಲು ಬಿಟ್ಟೆ.
ಮೂರೂ ಕಾಲಕ್ಕೆ, ಚಪ್ಪಟೆ ಗೆರೆಗಳ ಬುಡದಲ್ಲಿ
ಮೂರನೆಯದೊಂದು ತಲೆ ಎತ್ತಿತು,
ಕುದಿದ ಮೇಲೂ ಒಲೆಯ ಮೇಲೇ ಬಿಟ್ಟ ಹಾಲು
ಸದ್ದಿಲ್ಲದೆ ತಳ ಹಿಡಿಯುವಂತೆ.

ಆ ಕಲ್ಮಶ ನನಗೆ ಪರಿಚಿತ.
ಎಂಟು ವರ್ಷ ಅದಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದೆವು:
ಹೈದರಾಬಾದಿನ ಡ್ರಮ್ಮು, ನೀರಿನಂಶ, ಹೋದ ಕರೆಂಟು,
ಮತ್ತೆ ಒಮ್ಮೆ, ನಲವತ್ತೇಳನೇ ಬ್ಯಾಚಿಗೆ, ಝರೆಪ್ಪ.
"ಪಾಳಿಯಲ್ಲಿ ಅಲಕ್ಷ್ಯ" ಎಂದು ಮೆಮೋ,
ಒಂದು ಇನ್‌ಕ್ರಿಮೆಂಟ್ ಕಡಿತ.
ಪರಿಶೀಲಿಸಿದವರು ಎಂಬಲ್ಲಿ ನನ್ನ ಸಹಿ.
ಆಗಿನ್ನೂ ಪೂರ್ತಿ ಬರೆಯುತ್ತಿದ್ದೆ: ಪ್ರೇಮಲಾ ಸ್ಯಾಮುವೆಲ್.

ಝರೆಪ್ಪ ಹಬೆ ಪೈಪಿನ ಮಗ್ಗುಲಲ್ಲಿ ಕೂತಿದ್ದ,
ಮಫ್ಲರು ಕಿವಿಗೆ ಸುತ್ತಿ.
ಹಾಳೆ ಕೊಟ್ಟೆ. ಬೆಳಕಿಗೆ ಹಿಡಿದು
ಮೂರನೇ ಗೆರೆಯ ಮೇಲೆ ಉಗುರಿಟ್ಟ.
"ಇದಾ? ಇದು ನಂಗ ಗೊತ್ತದ ರೀ ಮೇಡಂ.
ಮೂರು ತಾಸಿನ ಮ್ಯಾಲ ವೆಂಟಿನ ವಾಸನಿ ತಿರಗ್ತದ.
ಹಸಿ ಶೇಂಗಾ ಇದ್ದದ್ದು ಸುಟ್ಟ ಹುಣಸಿಬೀಜ ಆಗ್ತದ.
ಆಗೇ ಹೇಳಿದ್ದೆ."
ಯಾರಿಗೆ ಎಂದು ನಾನು ಕೇಳಲಿಲ್ಲ.
"ಬರೀಲಾಕ ಹೋದೆ. ರಿಜಿಸ್ಟರ್‌ದಾಗ ಅದಕ್ಕ ಖಾನಿ ಇರ್ಲಿಲ್ಲ."

ಇದ್ದ ಖಾನೆಗಳು:
ಉಷ್ಣತೆ, ಒತ್ತಡ, ಸಮಯ, ಸಹಿ.

ಮರುರಾತ್ರಿ ಇನ್ನೊಂದು ಬ್ಯಾಚು.
ಎರಡು ನಲವತ್ತಕ್ಕೆ ಜಾಕೆಟ್ಟಿಗೆ ತಣ್ಣೀರು ಬಿಟ್ಟೆವು.
ಮೂರನೇ ಗೆರೆ ಹುಟ್ಟಲೇ ಇಲ್ಲ.
ಮೂರು ತಾಸು ಇಪ್ಪತ್ತು ನಿಮಿಷ ಕೈಯಲ್ಲುಳಿಯಿತು;
ಅದನ್ನೇನು ಮಾಡುವುದೋ ಇಬ್ಬರಿಗೂ ತಿಳಿಯಲಿಲ್ಲ.
ವಿಧಾನ ಬದಲಾವಣೆಯ ಅರ್ಜಿಯಲ್ಲಿ
"ಕಾರಣ" ಎಂಬಲ್ಲಿ ಪೆನ್ನು ಊರಿ ಕೂತೆ.
ಝರೆಪ್ಪ ಎದ್ದು
ವೆಂಟಿನ ಬಳಿ ಮೂಗು ಚಾಚಿ ನಿಂತ,
ವಜ್ರ ಹೇಳಿದ್ದು ಖರೇನೋ ಏನೋ ಅಂತ.