ತೋರಿಸುವ ಹಣ

ಇಪ್ಪತ್ತೆಂಟು ದಿನ ಅದು ನನ್ನ ಖಾತೆಯಲ್ಲಿ ಮಲಗಿರಬೇಕು.
ಮಗ್ಗುಲು ಬದಲಿಸಬಾರದು,
ಒಂದು ಸೀಡಿಯಷ್ಟೂ ಕರಗಬಾರದು.
ವೀಸಾದ ನಿಯಮ ಓದಿ ಹೇಳಿದರೆ
ಮೆಮುನಾಟು ಚಿಕ್ಕಮ್ಮ ನಕ್ಕುಬಿಟ್ಟಳು:
ನಮ್ಮ ಗಿನಿಕೋಳಿ ಮೊಟ್ಟೆಗೂ ಅಷ್ಟೇ ದಿನ ಕಣೇ ವುನ್‌ಪಿನಿ,
ಕಾವಿಗೆ ಕೂತದ್ದನ್ನು ಎಬ್ಬಿಸಬಾರದು.

ಅದರಲ್ಲಿ ಅವಳ ಶಿಯಾ ಬೆಣ್ಣೆಯ ದುಡ್ಡಿತ್ತು.
ಟ್ರ್ಯಾಕ್ಟರಿನ ಕ್ಲಚ್ಚಿಗೆಂದು ಫುಸೇನಿ ಮಾವ ಎತ್ತಿಟ್ಟದ್ದಿತ್ತು.
ಹೊಲಿಗೆಯವರ ಚೀಟಿ,
ಆ ತಿಂಗಳ ಸರದಿಯವಳು ಹಲ್ಲು ಕಚ್ಚಿ ಬಿಟ್ಟುಕೊಟ್ಟದ್ದು.
ಮತ್ತೆ, ಹೆಸರು ಹೇಳಬೇಡ ಎಂದು ಒಬ್ಬರು ಕೊಟ್ಟ
ಮೂರು ಸಾವಿರ.
ಇಲ್ಲಿಯೂ ಹೇಳುವುದಿಲ್ಲ.

ಎರವಲು ಸರ ಹಾಕಿಕೊಂಡು ಮದುವೆಗೆ ಹೋದವಳ ಹಾಗೆ
ತಿಂಗಳಿಡೀ ಕತ್ತು ನೆಟ್ಟಗಿಟ್ಟುಕೊಂಡು ಟಮಾಲೆಯಲ್ಲಿ ಓಡಾಡಿದೆ.
ಬ್ಯಾಂಕಿನ ಪುಟ ಅಚ್ಚಾಯಿತು, ಮೊಹರು ಬಿತ್ತು.
ಆಮೇಲೆ ದುಡ್ಡು ಬಂದ ದಾರಿ ಹಿಡಿದು
ಬಂದವರ ಬಂದವರ ಮನೆಗೆ ಹೋಯಿತು.
ಓದಿಗೆ ವಿದ್ಯಾರ್ಥಿವೇತನ ಇತ್ತು.
ಬದುಕುವಷ್ಟಿದೆ ಎಂದು ನಾವು ತೋರಿಸಿದ್ದು,
ಬದುಕುವುದಕ್ಕಲ್ಲ.

ಡಂಡೀಯಲ್ಲಿ ಡಿಸೆಂಬರಿಗೆ ಮೂರೂವರೆಗೇ ಕತ್ತಲು.
ಜಲವಿಜ್ಞಾನದ ತರಗತಿ.
ಟೇ ನದಿಯ ಅಂಕಿ ಬೋರ್ಡಿನ ಮೇಲೆ ಬರೆದು
ಡಾಕ್ಟರ್ ಮೆಕ್‌ಫೀ ಕೇಳುತ್ತಾರೆ:
ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು,
ನಿಂತದ್ದೆಷ್ಟು?
ಇಂಥ ಲೆಕ್ಕ ನನಗೆ ಯಾರೂ ಕಲಿಸಬೇಕಾಗಿಲ್ಲ.

ವಾರಕ್ಕೆ ಇಪ್ಪತ್ತು ಗಂಟೆ ದುಡಿಯಬಹುದು, ನಿಮಿಷವೂ ಹೆಚ್ಚಿಲ್ಲ.
ಬೆಳಿಗ್ಗೆ ಐದಕ್ಕೆ ಹಲ್ಲಿನ ಆಸ್ಪತ್ರೆಯ ಕಾರಿಡಾರು,
ನಾನು, ಶೀನಾ, ಎರಡು ಬಕೆಟ್ಟು.
ಅವಳ ಇಂಗ್ಲಿಷು ಅರ್ಧ ತಿಳಿಯುವುದಕ್ಕೆ ಎರಡು ತಿಂಗಳು ಹಿಡಿಯಿತು.
ತಿಳಿದ ಮೊದಲ ಪೂರ್ತಿ ವಾಕ್ಯ:
ಇಷ್ಟು ದೂರ ಓದೋಕೆ ಬಂದಿದ್ದೀಯ,
ನೀನು ದುಡ್ಡಿದ್ದವರ ಮನೆಯವಳೇ ಇರಬೇಕು.
ಇದ್ದೆ, ಅಂದೆ.
ಇಪ್ಪತ್ತೆಂಟು ದಿನ.
ಅವಳು ಮಾಪು ಹಿಂಡುತ್ತಿದ್ದಳು.

ಮಗನ ಹಳೆಯ ಕೋಟು ತಂದುಕೊಟ್ಟದ್ದೂ ಅವಳೇ.
ಅವನೀಗ ಪರ್ತ್‌ನಲ್ಲಿದ್ದಾನಂತೆ.
ಇಪ್ಪತ್ತು ಮೈಲಿ ಆಚೆಗಿನ ಪರ್ತ್ ಅಲ್ಲ, ಆಸ್ಟ್ರೇಲಿಯಾದ್ದು.
ಹೆಸರು ಒಂದೇ ಇದ್ದರೆ ಊರು ಹತ್ತಿರವಾಗುತ್ತದೇನು, ಹೇಳು,
ಎಂದು ನನ್ನನ್ನೇ ಬೈದಳು.
ಕೋಟಿನ ಜೇಬಿನಲ್ಲಿ ಒಂದು ಗುಂಡಿ,
ಬೇರೆ ಯಾವುದೋ ಅಂಗಿಯದು.
ಹಾಗೆಯೇ ಬಿಟ್ಟಿದ್ದೇನೆ.

ಮಾರ್ಚಿನಲ್ಲಿ ನಪಾರಿಯ ಧ್ವನಿ ಬಂತು, ಫೋನಿನಲ್ಲಿ,
ಹಿಂದೆ ಮೆಮುನಾಟು ಚಿಕ್ಕಮ್ಮನ ಕೋಳಿಗಳ ಗಲಾಟೆ:
ಅಕ್ಕಾ, ಸ್ವಾನ್ಸಿಯಲ್ಲಿ ಸೀಟು ಸಿಕ್ಕಿದೆ.
ಆಮೇಲೆ ಸುಮ್ಮನಾದ.
ಆ ಸುಮ್ಮನಿರುವುದರ ಅರ್ಥ ನನಗೆ ಬಾಯಿಪಾಠ.
ಕ್ಲಚ್ಚು ಈ ಸಲ ನಿಜಕ್ಕೂ ಹೋಗಿದೆಯಂತೆ,
ಚೀಟಿ ಹಿಡಿದವಳು ಈ ಬಾರಿ ಬಿಡುವುದಿಲ್ಲವಂತೆ.

ಆರುನೂರ ನಲವತ್ತು ಪೌಂಡು.
ಎರಡು ತಿಂಗಳ ಬಾಡಿಗೆ, ಪ್ರಬಂಧ ಬರೆಯುವ ದಿನಗಳಿಗೆಂದು
ಒರೆಸಿ ಒರೆಸಿ ಕೂಡಿಟ್ಟದ್ದು.
ಕಳಿಸುವ ಗುಂಡಿ ಒತ್ತಿ ಹೇಳಿದೆ:
ಯಾರದು ಎಂದು ಕೇಳಿದರೆ ಹೆಸರು ಹೇಳಬೇಡ.
ಹೇಳಿದ ಮೇಲೆ
ಆ ಮೂರು ಸಾವಿರದವರ ಮುಖ
ಬೇಡವೆಂದರೂ ಕಣ್ಣಮುಂದೆ ಬಂತು.
ಅವರು ಆ ತಿಂಗಳು ಏನು ತಿಂದರೋ.

ನಾನು ಗಾರಿಗೆ ನೀರು ಹಾಕಿ ತಿನ್ನುತ್ತೇನೆ.
ಹೀಟರಿಗೆ ನಾಣ್ಯ ಹಾಕುವುದಿಲ್ಲ.
ಮನೆಯೊಡೆಯನಿಗೆ ಒಂದು ಸುಳ್ಳು ಹೇಳಿದ್ದೇನೆ,
ಇನ್ನೊಂದನ್ನು ಹೊಂದಿಸಿಕೊಳ್ಳುತ್ತಿದ್ದೇನೆ.
ಇವತ್ತಿಗೆ ಹತ್ತೊಂಬತ್ತು ದಿನ.

ಒಳಗೂ ಯಾಕೆ ಕೋಟು ಬಿಚ್ಚಲ್ಲ, ಎಂದಳು ಶೀನಾ.
ಕಾವಿಗೆ ಕೂತಿದ್ದೇನೆ, ಅಂದೆ,
ಬೇರೆ ಮಾತು ಹೊಳೆಯದೆ.
ಅವಳು ನನ್ನ ಹೊಟ್ಟೆಯನ್ನು ನೋಡಿದಳು,
ಮುಖವನ್ನು ನೋಡಿದಳು,
ನನ್ನ ಬಕೆಟ್ಟನ್ನೂ ತಾನೇ ಎತ್ತಿಕೊಂಡಳು.
ಮೇಲಿನ ಮಹಡಿ ನಾನು ನೋಡ್ಕೋತೀನಿ,
ನೀನು ಕೂತಿರು.